ಸಂಗಮ್ಮನ ಹಣೆಯ ಹಸಿರು ಬೊಟ್ಟು

"ಜೀವ ಉಳಿಯಿತಲ್ಲ, ಮೂಗು ಹೋದರೆ ಹೋಗಲಿ ಬಿಡಿ." ಈ ಮಾತನ್ನು ನನ್ನೆದುರು ಆಡಿದವರ ಜೊತೆ ಕೆಲಸದಲ್ಲಿದ್ದಷ್ಟು ಕಾಲವೂ ಜಗಳವಾಡಿದೆ, ನಿವೃತ್ತಿಯಾದ ಮೇಲೂ ಆಡುತ್ತಿದ್ದೇನೆ. ಕ್ಯಾನ್ಸರ್ ಗಡ್ಡೆ ಕತ್ತರಿಸಿ ಕೈ ತೊಳೆದುಕೊಂಡ ಸರ್ಜನ್ನರು ಇದನ್ನು ಆಡಿದ್ದಾರೆ, ರೋಗಿಯ ಅಣ್ಣತಮ್ಮಂದಿರು ಆಡಿದ್ದಾರೆ, ನನ್ನ ಮೇಲಿನವರಂತೂ ದಿನಾ ಆಡುತ್ತಿದ್ದರು. ಮೂಗು ಕಳೆದುಕೊಂಡವರು ಮಾತ್ರ ಒಬ್ಬರೂ ಆಡಿದ್ದನ್ನು ನಾನು ಕೇಳಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರೇ, ಮೊದಲು ಇದನ್ನು ತಲೆಗೆ ಹಾಕಿಕೊಳ್ಳಿ. ಚಾಕು ಹಿಡಿಯುವುದನ್ನು ಆಮೇಲೆ ಕಲಿತರಾಯಿತು.

ನಾನು ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜನ್ ಆಗಿದ್ದೆ. ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ಇನ್ನೂ ನನ್ನ ಹೆಸರು ಕೇಳಿದರೆ ಮುಖ ಸಿಂಡರಿಸುವವರಿದ್ದಾರೆ, ಅವರ ಊಟ ಯಾಕೆ ಕೆಡಿಸಲಿ? ಮನೆ ನಾರಾಯಣಗೂಡದಲ್ಲಿ. ಅಜ್ಜ ಬೀದರ ಕಡೆಯಿಂದ ಸರಕಾರಿ ನೌಕರಿಗೆಂದು ಬಂದವರು. ಅಂದಿನಿಂದ ನಮಗೆ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಆಟೋ ಹತ್ತಿದರೆ ಹಿಂದಿ. ಪ್ಲಾಸ್ಟಿಕ್ ಸರ್ಜನ್ ಎಂದರೆ ಸಿನಿಮಾದವರನ್ನು ಚೆಲುವೆಯರನ್ನಾಗಿ ಮಾಡುವವಳು ಎಂದು ನನ್ನ ಸ್ವಂತ ಚಿಕ್ಕಮ್ಮ ಕಡೆಯವರೆಗೂ ನಂಬಿದ್ದಳು. "ನಮ್ಮ ಗೀತಾನ ಮೂಗ ಒಂದೀಟ ಸಣ್ಣ ಮಾಡಿಕೊಡವಾ, ವರ ನೋಡಾಕ ಬರಾಕತ್ತಾನ" ಎಂದು ಪ್ರತಿ ಹಬ್ಬಕ್ಕೂ ಕೇಳುತ್ತಿದ್ದಳು. ಗೀತಾಳ ಮೂಗು ಚೆನ್ನಾಗಿಯೇ ಇತ್ತು, ವರನದೇ ಸರಿಯಿರಲಿಲ್ಲ.

ನನ್ನ ನಿಜವಾದ ಕೆಲಸ ಗುಂಡಿ ಮುಚ್ಚುವುದು. ಬೇರೆ ಡಾಕ್ಟರು ಗಡ್ಡೆ ತೆಗೆಯುತ್ತಾರೆ. ತಲೆಯ ಮೇಲೆ, ಕೆನ್ನೆಯ ಮೇಲೆ, ಮೂಗಿನ ಮೇಲೆ ಖಾಲಿ ಜಾಗ ಉಳಿಯುತ್ತದೆ. ತೊಡೆಯಿಂದ ತೆಳುವಾದ ಚರ್ಮ ಹೆರೆದು ಅಲ್ಲಿ ಅಂಟಿಸಿದರೆ ಅದು ಗ್ರಾಫ್ಟ್. ಅದಕ್ಕೆ ತನ್ನದೇ ಆದ ರಕ್ತವಿಲ್ಲ, ಕೆಳಗಿನ ನೆಲ ಅನ್ನ ಹಾಕಿದರೆ ಬದುಕುತ್ತದೆ, ಇಲ್ಲವಾದರೆ ಒಣಗುತ್ತದೆ. ಪಕ್ಕದ ಚರ್ಮವನ್ನೇ, ಅದರ ರಕ್ತನಾಳ ಕಡಿಯದಂತೆ, ಒಂದು ತುದಿಯಲ್ಲಿ ತೊಟ್ಟು ಉಳಿಸಿಕೊಂಡು ಎಬ್ಬಿಸಿ ಗುಂಡಿಯ ಮೇಲೆ ತಿರುಗಿಸಿದರೆ ಅದು ಫ್ಲ್ಯಾಪ್. ಅದು ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬರುತ್ತದೆ. ಇಷ್ಟು ಅರ್ಥವಾದರೆ ನನ್ನ ಮುಂದಿನ ಮಾತೆಲ್ಲ ಅರ್ಥವಾಗುತ್ತದೆ.

ತಲೆಯ ಚರ್ಮದ ಬಗ್ಗೆ ಒಂದು ಮಾತು. ಅದು ನೋಡಲು ಸಡಿಲ, ಎಳೆದರೆ ಜಪ್ಪಯ್ಯ ಎಂದರೂ ಬಾರದು. ಅಂಗೈಯಗಲದ ಗುಂಡಿ ಮುಚ್ಚಲು ಅರ್ಧ ತಲೆಯನ್ನೇ ಬಿಡಿಸಿ ತಿರುಗಿಸಬೇಕಾಗುತ್ತದೆ. ಹೊಸಬರು ಇದನ್ನು ನಂಬುವುದಿಲ್ಲ, ದಾಕ್ಷಿಣ್ಯಕ್ಕೆ ಬಿದ್ದವರ ಹಾಗೆ ಚಿಕ್ಕ ಗೆರೆ ಎಳೆಯುತ್ತಾರೆ. ಆಮೇಲೆ ಟೇಬಲ್ಲಿನ ಸುತ್ತ ನಿಂತು ನಾಲ್ಕು ಜನ ಎಳೆದರೂ ಅಂಚು ಕೂಡುವುದಿಲ್ಲ. ದೊಡ್ಡದಾಗಿ ಗೆರೆ ಎಳೆಯಿರಿ, ನಾಚಿಕೊಳ್ಳಬೇಡಿ.

ನಮ್ಮ ಬೀದಿಯದೇ ಒಂದು ಕೋಚಿಂಗ್ ಸೆಂಟರಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರೊಬ್ಬರಿಗೆ ನೆತ್ತಿಯ ಹಿಂದಿನ ಗಡ್ಡೆ ತೆಗೆದಿದ್ದರು. ನಾನು ಪಕ್ಕದ ಚರ್ಮವನ್ನು ಕೂದಲಿನ ಸಮೇತ ತಿರುಗಿಸಿ ಮುಚ್ಚಿದೆ. ಗಾಯ ಮಾಯಿತು, ಕೂದಲು ಬಂತು, ಮೇಷ್ಟ್ರು ಖುಷಿಯಾದರು. ಅವರ ತಾಯಿ ಮಾತ್ರ ಒಂದು ದಿನ ಓಪಿಡಿಗೆ ಬಂದು ಬಾಗಿಲಲ್ಲೇ ನಿಂತರು.

"ಡಾಕ್ಟರ್‌ಬಾಯಿ, ನನ್ನ ಮಗನ ಸುಳಿ ಎಲ್ಲಿ ಹೋತ್ರಿ?"

ನೆತ್ತಿಯಲ್ಲಿದ್ದ ಕೂದಲಿನ ಸುಳಿ ಫ್ಲ್ಯಾಪಿನ ಜೊತೆ ಪ್ರಯಾಣ ಮಾಡಿ ಬಲಗಿವಿಯ ಹಿಂದೆ ಹೋಗಿ ಕೂತಿತ್ತು. ಒಂಟಿ ಸುಳಿ ನೋಡಿಯೇ ಹೆಣ್ಣಿನವರು ಒಪ್ಪಿದ್ದರಂತೆ. ಈಗ ಅವರು ತಲೆ ನೋಡಿದರೆ ಏನು ಹೇಳುವುದು?

"ಸುಳಿ ಒಂದ ಐತೆಲ್ಲರಿ ಈಗೂ. ಎರಡಂತೂ ಮಾಡಿಲ್ಲ ನಾ" ಎಂದೆ.

ಅವರು ನಗಲಿಲ್ಲ. ಕಿವಿಯ ಹಿಂದೆ ಬೆರಳಿಟ್ಟು ಅದು ಸುತ್ತುವ ದಿಕ್ಕು ಮೊದಲಿನದೇ ಎಂದು ಖಾತ್ರಿ ಮಾಡಿಕೊಂಡರು, ಆಮೇಲೆ ಹೋದರು. ನನ್ನ ಜೊತೆಗಿದ್ದ ಕಿರಿಯ ಡಾಕ್ಟರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಆದರೆ ಅಂದಿನಿಂದ ಗೆರೆ ಎಳೆಯುವ ಮುಂಚೆ ಒಂದು ಪ್ರಶ್ನೆ ಕೇಳುವ ರೂಢಿ ಮಾಡಿಕೊಂಡೆ: "ಈ ಜಾಗದಾಗ ನಿಮಗ ಬೇಕಾದ್ದು ಏನರ ಐತೇನು?" ಚರ್ಮ ಎತ್ತಿದಾಗ ಅದರ ಮೇಲಿರುವುದೆಲ್ಲ ಜೊತೆಗೆ ಬರುತ್ತದೆ.

ಈ ಪ್ರಶ್ನೆಯನ್ನು ನಮ್ಮ ವಿಭಾಗದ ಮುಖ್ಯಸ್ಥರು ಯಾರನ್ನೂ ಕೇಳುತ್ತಿರಲಿಲ್ಲ. ಎಲ್ಲರೂ ಅವರನ್ನು ಪೆದ್ದ ಸಾರ್ ಎನ್ನುತ್ತಿದ್ದರು. ತೆಲುಗಿನಲ್ಲಿ ಹಾಗೆಂದರೆ ದೊಡ್ಡವರು, ಕನ್ನಡದಲ್ಲಿ ಏನೆಂದು ನಿಮಗೆ ಗೊತ್ತೇ ಇದೆ. ನಾನು ಎರಡು ಭಾಷೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಬಹಳ ಗೌರವದಿಂದ ಕರೆಯುತ್ತಿದ್ದೆ. ಸುಳ್ಳು ಹೇಳಬಾರದು, ಅವರ ಕೈ ಬಂಗಾರದಂಥದು. ಹೊಲಿಗೆ ಹಾಕಿದರೆ ಎಲ್ಲಿ ಹಾಕಿದರೆಂದು ಹುಡುಕಬೇಕು. ಆದರೆ ರೋಗಿಯ ಬಾಯಿ ಇರುವುದು ಥರ್ಮಾಮೀಟರ್ ಇಡಲು ಎಂದು ತಿಳಿದಿದ್ದರು.

ಮೂಗು ಕಟ್ಟುವುದಕ್ಕೆ ಹಣೆಯ ಚರ್ಮಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಬಣ್ಣ ಹೊಂದುತ್ತದೆ, ದಪ್ಪ ಹೊಂದುತ್ತದೆ. ಹುಬ್ಬಿನ ಹತ್ತಿರ ತೊಟ್ಟು ಉಳಿಸಿ ಹಣೆಯ ಪಟ್ಟಿಯೊಂದನ್ನು ಎಬ್ಬಿಸಿ, ಕೆಳಕ್ಕೆ ತಿರುಗಿಸಿ, ಮೂಗಿಗೆ ಹೊಲಿಯುತ್ತೇವೆ. ಮೂರು ವಾರ ಆ ತೊಟ್ಟು ಹುಬ್ಬಿನಿಂದ ಮೂಗಿಗೆ ಸೇತುವೆಯ ಹಾಗೆ ಮುಖದ ಮೇಲೆಯೇ ಇರುತ್ತದೆ. ಮೂಗು ತನ್ನ ಹೊಸ ಜಾಗದಲ್ಲಿ ರಕ್ತ ಹುಡುಕಿಕೊಂಡ ಮೇಲೆ ತೊಟ್ಟನ್ನು ಕತ್ತರಿಸುತ್ತೇವೆ. ಪೆದ್ದ ಸಾರ್ ಹಳೆಯ ಪದ್ಧತಿಯವರು. ಹಣೆಯ ನಟ್ಟನಡುವಿನ ಪಟ್ಟಿಯನ್ನೇ ತೆಗೆಯುತ್ತಿದ್ದರು, ತೊಟ್ಟು ಅಗಲ ಇಡುತ್ತಿದ್ದರು, ಎರಡೂ ಕಡೆಯ ನಾಳ ಒಳಗಿರಲಿ ಎಂಬ ಎಚ್ಚರಿಕೆ. ಹಣೆಯ ಒಂದು ಪಕ್ಕದಿಂದ, ಒಂದೇ ನಾಳದ ಮೇಲೆ, ಕಿರಿದಾದ ತೊಟ್ಟಿನಲ್ಲಿ ಎಬ್ಬಿಸಿದರೂ ಅದು ಬದುಕುತ್ತದೆ, ಸಲೀಸಾಗಿ ತಿರುಗುತ್ತದೆ ಎಂಬುದು ಆಗಲೇ ಎಲ್ಲೆಡೆ ರೂಢಿಗೆ ಬಂದಿತ್ತು. ನಮ್ಮಲ್ಲಿ ಮಾತ್ರ ಬರಲು ಸಾರ್ ಬಿಟ್ಟಿರಲಿಲ್ಲ.

ನಾನು ಅವರಿಗೆ ಸಹಾಯಕಳಾಗಿದ್ದಾಗ ಹಳ್ಳಿಯಿಂದ ಒಬ್ಬ ಮುದುಕಿ ಬಂದಿದ್ದಳು, ಪೂರ್ತಿ ಮೂಗೇ ಹೋಗಿತ್ತು. ಹಣೆಯ ನಡುವೆ ಹಚ್ಚೆಯ ಬೊಟ್ಟು. ನಮ್ಮ ಕಡೆಯ ಹಳೆಯ ಹೆಂಗಸರಿಗೆಲ್ಲ ಇರುತ್ತಿತ್ತಲ್ಲ, ಹಸಿರುಗಪ್ಪು ಚುಕ್ಕೆ, ತೆಲುಗಿನವರು ಪಚ್ಚಬೊಟ್ಟು ಎನ್ನುತ್ತಾರೆ. ಬೊಟ್ಟನ್ನು ಬಿಟ್ಟು ಪಕ್ಕದಿಂದ ತೆಗೆಯೋಣವೇ ಎಂದು ಕೇಳಿದೆ. "ಮೂಗು ಮುಖ್ಯಾನಾ, ಬೊಟ್ಟು ಮುಖ್ಯಾನಾ?" ಎಂದು ಸಾರ್ ನನ್ನನ್ನೇ ಕೇಳಿ ಹಣೆಯ ನಡುವೆಯೇ ಚಾಕು ಹಾಕಿದರು. ಅಂದವಾದ ಮೂಗು ಬಂತು. ಅದರ ಬೆನ್ನಿನ ಮೇಲೆ, ಸರಿಯಾಗಿ ಮಧ್ಯದಲ್ಲಿ, ಹಸಿರು ಬೊಟ್ಟು. ಲೇಸರ್ ಹೊಡೆದು ತೆಗೆಯೋಣ, ಮತ್ತೆ ಬಾ ಎಂದರು. ಅವಳು ಮತ್ತೆ ಬರಲಿಲ್ಲ. ಸೆರಗನ್ನು ಕಣ್ಣಿನ ಕೆಳಗೆ ಬಿಗಿದು ಕಟ್ಟಿಕೊಂಡು, ಯಾರಿಗೂ ನಮಸ್ಕಾರ ಹೇಳದೆ ವಾರ್ಡಿನಿಂದ ಹೋದಳು. ಮೂಗಿಲ್ಲದೆ ಬಂದಾಗಲೂ ಹೀಗೆಯೇ ಸೆರಗು ಕಟ್ಟಿದ್ದಳು. ಹಾಗಾದರೆ ನಾವು ಮಾಡಿದ್ದೇನು? ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಸಂಗಮ್ಮ ಬಂದದ್ದು ಎಷ್ಟೋ ವರ್ಷಗಳ ನಂತರ. ಅಷ್ಟು ಹೊತ್ತಿಗೆ ತೆಲಂಗಾಣ ಬೇರೆ ರಾಜ್ಯವಾಗಿತ್ತು, ನಮ್ಮ ಬೀದಿಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದವು, ಪೆದ್ದ ಸಾರ್ ನಿವೃತ್ತಿಯ ಅಂಚಿನಲ್ಲಿದ್ದರು. ಸಂಗಮ್ಮನದು ಕೋಠಿ ಬಜಾರಿನಲ್ಲಿ ಸೀರೆಯ ಫಾಲ್, ಲೈನಿಂಗ್ ಬಟ್ಟೆ ಮಾರುವ ಚಿಕ್ಕ ಅಂಗಡಿ. ಮೂಗಿನ ಎಡಹೊಳ್ಳೆಯ ಮೇಲೆ ಕಪ್ಪು ಗುಳ್ಳೆ ಎದ್ದು, ಹುಣ್ಣಾಗಿ, ವರ್ಷಗಟ್ಟಲೆ ಯಾರು ಯಾರದೋ ಲೇಪ ಹಚ್ಚಿಕೊಂಡು ಕಡೆಗೆ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಬೇರೆ ವಿಭಾಗದವರು ಅದನ್ನು ಪೂರ್ತಿ ತೆಗೆದು, ಅಂಚಿನಲ್ಲೆಲ್ಲೂ ರೋಗ ಉಳಿದಿಲ್ಲ ಎಂದು ಖಾತ್ರಿ ಮಾಡಿ, ಎಡ ಅರ್ಧ ಮೂಗಿಲ್ಲದ ಮುಖವನ್ನು ನಮ್ಮ ಕಡೆ ಕಳಿಸಿದ್ದರು. ಜೊತೆಗೆ ಬಂದವಳು ನಾದಿನಿ ಕಮಲಾಬಾಯಿ, ಸತ್ತ ಗಂಡನ ತಂಗಿ. ಇಬ್ಬರೂ ಒಂದೇ ಮನೆಯಲ್ಲಿದ್ದು ಒಂದೇ ಅಂಗಡಿ ನಡೆಸುತ್ತಿದ್ದರು.

ಸಂಗಮ್ಮನ ಹಣೆ ನೋಡಿದ ಕೂಡಲೇ ಸೆರಗು ಬಿಗಿದುಕೊಂಡು ಹೋದ ಆ ಮುದುಕಿ ನೆನಪಾದಳು. ಬೋಳು ಹಣೆ, ನಡುವೆ ದೊಡ್ಡ ಹಸಿರು ಬೊಟ್ಟು. ನನ್ನ ಪ್ರಶ್ನೆ ಕೇಳಿದೆ.

"ಈ ಜಾಗದಾಗ ನಿಮಗ ಬೇಕಾದ್ದು ಏನರ ಐತೇನ್ರಿ?"

ಅವಳು ಬಾಯಿ ತೆರೆಯುವ ಮೊದಲೇ ಕಮಲಾಬಾಯಿ ಹೇಳಿದಳು: "ಏನೂ ಇಲ್ಲ ಬಿಡ್ರಿ. ಗಂಡ ಸತ್ತಾಕಿಗೆ ಹಣಿಮ್ಯಾಲೆ ಏನ ಇದ್ರೇನು? ಹೆಂಗ ಸಸಾರ ಆಗತೈತಿ ಹಂಗ ಮಾಡ್ರಿ."

ಸಂಗಮ್ಮ ನಾದಿನಿಯ ಕಡೆ ತಿರುಗಿಯೂ ನೋಡಲಿಲ್ಲ. ಬ್ಯಾಂಡೇಜಿನ ಒಳಗಿಂದ ಮಾತು ಗೊಗ್ಗರಾಗಿ ಬರುತ್ತಿತ್ತು. "ಈ ಬೊಟ್ಟ ಬೇಕ್ರಿ ನನಗ. ನಮ್ಮವ್ವ ನಾ ಸಣ್ಣಾಕಿದ್ದಾಗ ಹಾಕಿಸ್ಯಾಳ. ನನ್ನ ಗಂಡ ಸತ್ತ ದಿನ ಇಕಿನ ನನ್ನ ಕುಂಕುಮ ವರಸಿದ್ಲು. ಬಳಿ ಒಡದ್ಲು, ತಾಳಿ ತಗೊಂಡ್ಲು. ಇದನ್ನೂ ಸೆರಗಲೆ ಗಸಗಸ ತಿಕ್ಕಿದ್ಲು. ಹೋಗಲಿಲ್ಲ ನೋಡ್ರಿ. ಹೆಣದ ಮುಂದ ಕುಂತು ನಾ ನಕ್ಕಬಿಟ್ಟೆ. ಇಕಿ ಕೈಲೆ ಅಳಸೂದು ಆಗಲಿಲ್ಲ, ಈಗ ನೀವು ಅಳಸ್ತೀರೇನು?"

ಕಮಲಾಬಾಯಿ ಕಿಟಕಿಯ ಕಡೆ ಮುಖ ಮಾಡಿದಳು. ಅವಳನ್ನು ರಾಕ್ಷಸಿ ಎಂದುಕೊಳ್ಳಬೇಡಿ. ಮುಂದಿನ ಅಷ್ಟೂ ದಿನ ಅತ್ತಿಗೆಗೆ ಊಟ ಮಾಡಿಸಿದ್ದು, ತಲೆ ಬಾಚಿದ್ದು ಅವಳೇ. ತನಗೆ ಕಲಿಸಿದ್ದನ್ನು ಮಾಡಿದ್ದಳು, ಅಷ್ಟೇ. ಆದರೂ ನನಗೆ ಆ ಹೊತ್ತಿನಲ್ಲಿ ಅವಳನ್ನು ಹೊರಗೆ ನೂಕಬೇಕೆನಿಸಿತ್ತು.

ಪೆದ್ದ ಸಾರ್ ಬಂದು ನೋಡಿದರು. ನಡುವಿನ ಪಟ್ಟಿಯೇ ಸರಿ ಎಂದರು. ಅವರ ಮಾತಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಅವಳಿಗೆ ಸಕ್ಕರೆ ಕಾಯಿಲೆ ಇತ್ತು, ಅಂಥವರಲ್ಲಿ ರಕ್ತನಾಳ ನಂಬುವಂತಿಲ್ಲ, ಅಗಲ ತೊಟ್ಟು ಇದ್ದರೆ ಧೈರ್ಯ. "ಬೊಟ್ಟು ತೊಟ್ಟಿನ ಭಾಗಕ್ಕೆ ಬರುತ್ತೆ, ಆಮೇಲೆ ಕತ್ತರಿಸಿ ಬಿಸಾಕೋಣ, ಮೂಗಿನ ಮೇಲೆ ಬರಲ್ಲ, ನಿನಗೇನು ಕಷ್ಟ?" ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿ, ಸಂಗಮ್ಮನ ಕಡೆ ತಿರುಗಿ ಹಿಂದಿಯಲ್ಲಿ ಸಮಾಧಾನ ಮಾಡಿದರು: "ಜಾನ್ ಬಚ್ ಗಯೀ ನಾ ಅಮ್ಮಾ, ಔರ್ ಕ್ಯಾ ಹೋನಾ?"

ಜೀವ ಉಳಿಯಿತಲ್ಲ, ಇನ್ನೇನು ಬೇಕು. ಅದೇ ಮಾತು.

"ನಾಕ್ ಹೋನಾ ಸಾಬ್" ಎಂದಳು ಸಂಗಮ್ಮ. "ಬೊಟ್ಟು ಭೀ ಹೋನಾ."

ಮೂಗು ಬೇಕು, ಬೊಟ್ಟೂ ಬೇಕು: ಕೋಠಿಯಲ್ಲಿ ಗಿರಾಕಿಯ ಜೊತೆ ಚೌಕಾಸಿ ಮಾಡುವವಳ ದನಿ ಅದು. ಪಕ್ಕದಿಂದ ನಾನು ಮಾಡುತ್ತೇನೆ ಎಂದೆ. ಸಾರ್ ನನ್ನನ್ನು ಕಾರಿಡಾರಿಗೆ ಕರೆದು, "ಮಾಡು. ತುದಿ ಕಪ್ಪಾದರೆ ಎರಡನೇ ಸಲ ಹಣೆ ಇರಲ್ಲ ಅವಳಿಗೆ, ಅದು ನೆನಪಿರಲಿ. ನಾನಂತೂ ಥಿಯೇಟರಿಗೆ ಬರಲ್ಲ" ಎಂದರು. ನನಗೂ ಗೊತ್ತಿತ್ತು. ಕೆಟ್ಟರೆ ಅವಳಿಗೆ ಮೂಗೂ ಇಲ್ಲ, ಹಣೆಯೂ ಇಲ್ಲ. ಹೆದರಿಕೆಯಾಗಲಿಲ್ಲವೇ ಎಂದು ಕೇಳುತ್ತೀರಿ. ಆಯಿತು, ಯಾಕಾಗಬಾರದು? ಆದರೆ ಹೆದರಿಕೆಯ ಹೆಸರಿನಲ್ಲಿ ಅವಳ ಬೊಟ್ಟನ್ನು ಕಸದ ಬಕೆಟ್ಟಿಗೆ ಹಾಕಲು ನಾನು ತಯಾರಿರಲಿಲ್ಲ.

ಮೊದಲು ಸಕ್ಕರೆ ಹತೋಟಿಗೆ ತಂದೆವು. ಆಮೇಲೆ ನಾಳದ ಸದ್ದು ಕೇಳಿಸುವ ಪೆನ್ನಿನಂಥ ಯಂತ್ರವನ್ನು ಅವಳ ಎಡಹುಬ್ಬಿನ ಒಳತುದಿಯ ಮೇಲಿಟ್ಟೆ. ಭುಸ್, ಭುಸ್ ಎಂದು ಗಟ್ಟಿಯಾಗಿ ಕೇಳಿತು. ಸದ್ದು ಹೆಚ್ಚಿಸಿ ಅವಳಿಗೂ ಕೇಳುವಂತೆ ಮಾಡಿದೆ.

"ಒಳಗ ಯಾರೋ ಜ್ವಾಳ ಬೀಸಾಕತ್ತಾರಲ್ರಿ!"

"ಅದ ನಿಮ್ಮ ಮೂಗಿಗೆ ಅನ್ನ ಹಾಕೂದು" ಎಂದೆ.

ಗೆರೆ ಎಳೆಯುವುದು ರೋಗಿ ಎಚ್ಚರವಿದ್ದಾಗ, ಕೂತಿದ್ದಾಗ, ಕೈಗೆ ಕನ್ನಡಿ ಕೊಟ್ಟು. ಮಲಗಿದ ಮುಖ ಬೇರೆ, ಕೂತ ಮುಖ ಬೇರೆ. ಬಲಗಡೆಯ ಒಳ್ಳೆಯ ಹೊಳ್ಳೆಯ ಮೇಲೆ ಹೊಲಿಗೆ ದಾರದ ಪಾಕೀಟಿನ ಬೆಳ್ಳಿ ಕಾಗದ ಒತ್ತಿ ಅಚ್ಚು ತೆಗೆದು, ಅದನ್ನು ಮಗುಚಿ, ಹಣೆಯ ಮೇಲೆ ಇಟ್ಟು ಗೆರೆ ಎಳೆದೆ. ಬೊಟ್ಟಿನ ಪಕ್ಕದಲ್ಲೇ ಗೆರೆ ಹಾದುಹೋಯಿತು.

"ಒಂದ ಮಾತು. ಹಣಿ ಹೊಲದು ಎಳದಾಗ ಬೊಟ್ಟ ನಡುವ ಉಳಿಯೂದಿಲ್ಲ, ಎಡಕ್ಕ ಸರೀತೈತಿ" ಎಂದೆ.

"ಭಾಳ ಸರೀತೈತೇನು?"

"ನೋಡಿದವ್ರಿಗೆ ಗೊತ್ತಾಗತೈತಿ."

"ಸರೀಲಿ ಬಿಡ್ರಿ. ಮನಷ್ಯಾರ ಸರದ ಹೋಗತಾರ" ಎಂದು ಕನ್ನಡಿ ವಾಪಸು ಕೊಟ್ಟಳು.

ಆಪರೇಷನ್ ಚೆನ್ನಾಗಿಯೇ ನಡೆಯಿತು. ಹೊಳ್ಳೆಯ ಅಂಚು ಕುಸಿಯದಂತೆ ಕಿವಿಯ ಮೃದು ಎಲುಬಿನ ಸಣ್ಣ ತುಂಡನ್ನು ಒಳಗಿಟ್ಟೆ, ಹಣೆಯ ಪಟ್ಟಿಯನ್ನು ತಿರುಗಿಸಿ ಹೊಲಿದೆ. ಮರುದಿನ ಬೆಳಿಗ್ಗೆ ವಾರ್ಡಿಗೆ ಹೋದರೆ ಫ್ಲ್ಯಾಪಿನ ತುದಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಹಿಂದೆಯೇ ರೌಂಡಿಗೆ ಬಂದ ಪೆದ್ದ ಸಾರ್ ಮಂಚದ ತುದಿಯಲ್ಲಿ ನಿಂತು ತಲೆ ಮಾತ್ರ ಆಡಿಸಿದರು. ಅವರು ಬೈದಿದ್ದರೆ ಸಹಿಸುತ್ತಿದ್ದೆ.

ಇದನ್ನು ಗಮನವಿಟ್ಟು ಕೇಳಿ. ಫ್ಲ್ಯಾಪು ಬಿಳಿಚಿದರೆ ರಕ್ತ ಒಳಗೆ ಬರುತ್ತಿಲ್ಲ, ನೀಲಿಯಾದರೆ ಒಳಗೆ ಬಂದದ್ದು ಹೊರಗೆ ಹೋಗುತ್ತಿಲ್ಲ. ಎರಡಕ್ಕೂ ಮದ್ದು ಬೇರೆ. ಸೂಜಿಯಿಂದ ಚುಚ್ಚಿದೆ, ಕಪ್ಪು ರಕ್ತ ತಟಕ್ಕನೆ ಬಂತು. ಅಂದರೆ ನಾಳ ತನ್ನ ಕೆಲಸ ಮಾಡುತ್ತಿದೆ, ದಾರಿಯಲ್ಲೆಲ್ಲೋ ಬಿಗಿಯಾಗಿದೆ. ತೊಟ್ಟಿನ ಬುಡದಲ್ಲಿ ಬಿಗಿದಿದ್ದ ಹೊಲಿಗೆಗಳನ್ನು ಸಾರ್ ನೋಡುತ್ತಿದ್ದ ಹಾಗೆಯೇ ಕತ್ತರಿಸಿದೆ, ಒತ್ತಿ ಕಟ್ಟಿದ್ದ ಬಟ್ಟೆ ಸಡಿಲ ಮಾಡಿದೆ. "ಊಟಕ್ಕೆ ಹೋಗಿ ಬನ್ನಿ ಸಾರ್, ಆಮೇಲೆ ನೋಡೋಣ" ಎಂದೆ. ಧಿಮಾಕಿನ ಮಾತೇ, ಒಪ್ಪುತ್ತೇನೆ. ಅವರು ಹೋದ ಮೇಲೆ ಮಂಚದ ಪಕ್ಕದ ಸ್ಟೂಲಿನಿಂದ ನಾನು ಏಳಲಿಲ್ಲ. ಸಂಗಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಅವಳ ಮೂಗನ್ನು. ಮಧ್ಯಾಹ್ನದ ಹೊತ್ತಿಗೆ ನೀಲಿ ಕರಗಿ ಕೆಂಪು ಮೂಡಿತು. ಸಾರ್ ಮತ್ತೆ ಬಂದು, ಬೆರಳಿನಿಂದ ಒತ್ತಿ ನೋಡಿ, ಬಿಟ್ಟ ಕೂಡಲೇ ಬಣ್ಣ ವಾಪಸು ಬಂದದ್ದನ್ನು ಕಂಡು, "ಹೂಂ" ಎಂದರು. ಅವರ ಬಾಯಿಂದ ನಾನು ಕೇಳಿದ ದೊಡ್ಡ ಹೊಗಳಿಕೆ ಅದು.

ಆ ಮೂರು ವಾರ ಸಂಗಮ್ಮ ಮುಖ ಮುಚ್ಚಿಕೊಳ್ಳಲಿಲ್ಲ. ಕಮಲಾಬಾಯಿ ಸೆರಗು ಹೊದಿಸಲು ಹೋದರೆ, "ಗಾಳಿ ಬೇಕಂದಾರ ಡಾಕ್ಟರು" ಎಂದು ತಳ್ಳುತ್ತಿದ್ದಳು. ನಾನು ಹಾಗೆ ಹೇಳಿರಲಿಲ್ಲ, ಆದರೂ ಸುಮ್ಮನಿದ್ದೆ. ಎದುರು ಮಂಚದ ಮಗು ಆನೆ ಆನೆ ಎಂದಾಗ ತಾನೇ ತಲೆ ಆಡಿಸಿ ಸೊಂಡಿಲು ತೋರಿಸುತ್ತಿದ್ದಳು. ಆಮೇಲೆ ತೊಟ್ಟು ಕತ್ತರಿಸಿದೆ, ಹುಬ್ಬು ಸರಿಪಡಿಸಿದೆ, ಮನೆಗೆ ಕಳಿಸಿದೆ.

ಕೆಲವು ತಿಂಗಳ ಮೇಲೆ ಅವಳನ್ನು ವಿಭಾಗದ ಸಭೆಗೆ ಕರೆಸಿದೆವು. ಮುಗಿದ ಕೇಸುಗಳನ್ನು ಎಲ್ಲರ ಮುಂದೆ ಕೂರಿಸಿ, ಕಲಿಯುವವರಿಗೆ ಒಳ್ಳೆಯದು ಕೆಟ್ಟದು ತೋರಿಸುವುದು ನಮ್ಮಲ್ಲಿ ಪದ್ಧತಿ. ಪೆದ್ದ ಸಾರ್ ಅಳತೆಪಟ್ಟಿ ತೆಗೆದು ಅವಳ ಮುಖ ಅಳೆದರು. ಮೂಗು ಚೆನ್ನಾಗಿದೆ, ಹೊಳ್ಳೆ ಸಮವಾಗಿದೆ ಎಂದರು. ಆಮೇಲೆ ಪಟ್ಟಿಯನ್ನು ಹಣೆಗೆ ಹಿಡಿದು, "ಇದು ದೋಷ. ಮಧ್ಯರೇಖೆಯ ಗುರುತು ಎಡಕ್ಕೆ ಸರಿದಿದೆ. ನೋಡಿದವರ ಕಣ್ಣು ನೇರ ಅಲ್ಲಿಗೇ ಹೋಗುತ್ತೆ. ತೆಗೆದುಬಿಟ್ಟಿದ್ದರೆ ಚೊಕ್ಕವಾಗಿರುತ್ತಿತ್ತು. ಈಗಲೂ ಲೇಸರ್ ಮಾಡಬಹುದು" ಎಂದು ಇಂಗ್ಲಿಷಿನಲ್ಲಿ ಪಾಠ ಹೇಳಿದರು. ಕಿರಿಯರೆಲ್ಲ ತಲೆಯಾಡಿಸಿದರು.

"ಏನಂತಾರ್ರಿ?" ಎಂದು ಸಂಗಮ್ಮ ನನ್ನನ್ನು ಕೇಳಿದಳು.

"ಬೊಟ್ಟ ನಡುವ ಇಲ್ಲಂತ. ಬೇಕಂದ್ರ ತಗೀತಾರಂತ."

ಅವಳು ಕುರ್ಚಿಯಿಂದ ಎದ್ದಳು. ಆ ಕೋಣೆಯ ಗೋಡೆಯ ಗೂಡಿನಲ್ಲಿ ದೇವರ ಫೋಟೋ ಇತ್ತು, ನರ್ಸುಗಳು ದಿನವೂ ಪೂಜೆ ಮಾಡಿ ಕುಂಕುಮದ ಬಟ್ಟಲು ಇಡುತ್ತಿದ್ದರು. ಸಂಗಮ್ಮ ನೆಟ್ಟಗೆ ಅಲ್ಲಿಗೆ ಹೋಗಿ, ಬೆರಳು ಅದ್ದಿ, ಕನ್ನಡಿಯೂ ಇಲ್ಲದೆ, ಎಡಕ್ಕೆ ಸರಿದಿದ್ದ ಹಸಿರು ಬೊಟ್ಟಿನ ಮೇಲೆ ಸರಿಯಾಗಿ, ದುಂಡಗೆ, ಕುಂಕುಮ ಇಟ್ಟುಕೊಂಡಳು.

"ನನ್ನ ಹಣಿ ನಡು ಇದ ರೀ ಸಾಬ್ರ" ಎಂದಳು. "ಇನ್ನ ಅಳೀರಿ ಬೇಕಾರ."

ಸಾರ್ ಕನ್ನಡ ತಿಳಿಯದವರು, ಆದರೆ ಯಾರೂ ಅನುವಾದ ಮಾಡಬೇಕಾಗಲಿಲ್ಲ. ಅಳತೆಪಟ್ಟಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು.

ಬಾಗಿಲ ಹತ್ತಿರ ಕೂತಿದ್ದ ಕಮಲಾಬಾಯಿ ಧಡಕ್ಕನೆ ಎದ್ದು ಬಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಅತ್ತಿಗೆಯ ಹಣೆಯ ಕಡೆ ಕೈ ಎತ್ತಿದಳು. ಸಂಗಮ್ಮ ಅವಳ ಮಣಿಕಟ್ಟು ಹಿಡಿದಳು. ಸಿಟ್ಟಿರಲಿಲ್ಲ, ಬಿಗಿ ಇತ್ತು.

"ಕಮಲಾ, ಅವತ್ತ ನಾ ಕುಂತಿದ್ದೆ. ಇವತ್ತ ನಿಂತೀನಿ."

ಕಮಲಾಬಾಯಿ ಎತ್ತಿದ ಕೈ ಇಳಿಸಿದಳು, ಸೆರಗು ಬಿಟ್ಟಳು. ಇಬ್ಬರೂ ಒಂದೇ ಕೊಡೆಯ ಕೆಳಗೆ ಗೇಟು ದಾಟಿ ಕೋಠಿಯ ಬಸ್ಸು ಹಿಡಿಯಲು ಹೋದರು. ಸಂಗಮ್ಮನ ಮುಖ ಪೂರ್ತಿ ತೆರೆದಿತ್ತು.